ರೈಲು ಕಟ್ಟಿದ ಊರು, ರೈಲು ಬಿಟ್ಟುಹೋದ ಊರು: ಅಮೆರಿಕದ ಸಣ್ಣ ಪಟ್ಟಣ ಮತ್ತು ಬಾಲ್ಯದ ನೆನಪು

ಅಮೆರಿಕ ಸಂಯುಕ್ತ ಸಂಸ್ಥಾನದ 1920ರ ಜನಗಣತಿ ಆ ದೇಶದ ಸಾಮಾಜಿಕ ಚರಿತ್ರೆಯಲ್ಲಿ ನೆಟ್ಟ ಎಲ್ಲೆಕಲ್ಲು. 2,500 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರನ್ನು ನಗರವೆಂದು ಎಣಿಸುತ್ತಿದ್ದ ಅಂದಿನ ಲೆಕ್ಕದಂತೆ, ನಗರವಾಸಿಗಳ ಪ್ರಮಾಣ ಮೊತ್ತಮೊದಲ ಸಲ ಶೇ. 51ನ್ನು ಮುಟ್ಟಿತು, ಹಳ್ಳಿಗಳಲ್ಲಿಯೂ ತೀರಾ ಸಣ್ಣ ಊರುಗಳಲ್ಲಿಯೂ ಉಳಿದವರು ಸಂಖ್ಯೆಯಲ್ಲಿ ಹಿಂದೆ ಬಿದ್ದರು. ಸಣ್ಣ ಪಟ್ಟಣವನ್ನೇ ವಸ್ತುವಾಗಿಸಿಕೊಂಡ ಎರಡು ಪ್ರಸಿದ್ಧ ಕೃತಿಗಳು ಇದೇ ಹೊತ್ತಿನಲ್ಲಿ ಬೆಳಕು ಕಂಡವು: ಒಹಾಯೊ ರಾಜ್ಯದ ಕ್ಲೈಡ್ ಎಂಬ ಊರಿನಲ್ಲಿ ಬೆಳೆದ ಶೆರ್ವುಡ್ ಆಂಡರ್ಸನ್ನನ ‘ವೈನ್ಸ್‌ಬರ್ಗ್, ಒಹಾಯೊ’ 1919ರಲ್ಲಿ, ಮಿನೆಸೋಟ ರಾಜ್ಯದ ಸಾಕ್ ಸೆಂಟರ್‌ನಲ್ಲಿ ಹುಟ್ಟಿದ ಸಿಂಕ್ಲೇರ್ ಲೂಯಿಸನ ‘ಮೇನ್ ಸ್ಟ್ರೀಟ್’ 1920ರಲ್ಲಿ. ಇಬ್ಬರೂ ಊರು ಬಿಟ್ಟು ಹೋದವರು. ಒಬ್ಬನ ಬರಹದಲ್ಲಿ ಕರುಣೆಯೂ ಇನ್ನೊಬ್ಬನ ಬರಹದಲ್ಲಿ ಮೊನಚೂ ಮುಂದಾಗಿದ್ದರೂ, ಇಬ್ಬರೂ ಮರಳಿ ನೋಡುತ್ತಿದ್ದುದು ಒಂದೇ ಬಗೆಯ ಬೀದಿಯನ್ನು. ಇದಾದ ಮೇಲೆ ಕಾದಂಬರಿ, ನಾಟಕ, ಚಿತ್ರಕಲೆ, ಸಿನಿಮಾ ಎಲ್ಲವೂ ಸೇರಿ ಆ ಬೀದಿಯನ್ನು ಅಮೆರಿಕನ್ನರ ಸಾಮಾನ್ಯ ಹುಟ್ಟೂರನ್ನಾಗಿ ಮಾಡಿದವು. ಕೇಳುವವರಿಗೆ ತಲತಲಾಂತರದಿಂದ ಬಂದುದೆನಿಸುವ ಈ ಊರು ವಾಸ್ತವದಲ್ಲಿ ಬಹಳ ಎಳೆಯದು. ಹಲವು ಕಡೆ ಅದು ರೈಲ್ವೆ ಕಂಪನಿಯ ನಕ್ಷೆಯ ಮೇಲೆ ಹುಟ್ಟಿ, ಎರಡು ಮೂರು ತಲೆಮಾರು ತುಂಬಿ ಬಾಳಿ, ತನ್ನನ್ನು ಹುಟ್ಟಿಸಿದ ಅದೇ ಹಳಿಯ ಮೇಲೆ ತನ್ನ ಮಕ್ಕಳನ್ನು ಕಳುಹಿಸಿಕೊಟ್ಟ ಊರು.

ಇಂಥ ಊರಿನ ಆಕಾರಕ್ಕೆ ಮೂಲವನ್ನು 1785ರ ಭೂ ಕಾಯಿದೆಯಲ್ಲಿ ಹುಡುಕಬೇಕು. ಮೂಲನಿವಾಸಿ ಜನಾಂಗಗಳು ಬಾಳಿದ್ದ ನೆಲವನ್ನು ಅಳೆದು ಮಾರುವುದಕ್ಕಾಗಿ ರೂಪಿಸಿದ ಈ ಕಾಯಿದೆ, ಪಶ್ಚಿಮದ ಭೂಮಿಯನ್ನೆಲ್ಲ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಸೀಳಿತು; ‘ಟೌನ್‌ಶಿಪ್’ ಎಂದು ಕರೆಯಲಾದ ಅಂಥ ಒಂದೊಂದು ಚೌಕದಲ್ಲಿ ತಲಾ 640 ಎಕರೆಯ 36 ತುಂಡುಗಳಿದ್ದು, ಅವುಗಳಲ್ಲಿ 16ನೆಯ ತುಂಡನ್ನು ಶಾಲೆಯ ಸಲುವಾಗಿ ಮೀಸಲಿಡಲಾಗಿತ್ತು. ಬೆಟ್ಟ, ತೊರೆ, ಕಾಡು ಯಾವುದನ್ನೂ ಲೆಕ್ಕಿಸದೆ ಎಳೆದ ಆ ಗೆರೆಗಳೇ ಮುಂದೆ ಹೊಲದ ಬದುಗಳಾದವು, ರಸ್ತೆಗಳಾದವು, ಊರಿನ ಬೀದಿಗಳೂ ಆದವು. ಮಧ್ಯಪಶ್ಚಿಮದ ಮಗು ಮನೆಯೊಳಗಿನ ವಸ್ತುವಿನ ಜಾಗವನ್ನೂ ಪೂರ್ವಕ್ಕೆ, ಉತ್ತರಕ್ಕೆ ಎಂದು ದಿಕ್ಕು ಹಿಡಿದು ಹೇಳಬಲ್ಲದು ಎಂಬ ಮಾತು ಆ ಸೀಮೆಯಲ್ಲಿ ಬಳಕೆಯಲ್ಲಿರುವುದಕ್ಕೆ ಈ ನೇರ ಗೆರೆಗಳೇ ಕಾರಣ.

ಗೆರೆಗಳ ಮೇಲೆ ಊರನ್ನು ಇಟ್ಟದ್ದು ರೈಲು. ದವಸ ತುಂಬಿದ ಗಾಡಿಯೊಂದಿಗೆ ಬೆಳಿಗ್ಗೆ ಹೊರಟ ರೈತನು ಕತ್ತಲಾಗುವುದರೊಳಗೆ ಮನೆಗೆ ಮರಳುವಷ್ಟು ಅಂತರದಲ್ಲಿ, ಅಂದರೆ ಏಳರಿಂದ ಹತ್ತು ಮೈಲಿಗೆ ಒಂದರಂತೆ, ಕಂಪನಿಗಳು ನಿಲ್ದಾಣಗಳನ್ನು ಗುರುತಿಸಿ, ಸುತ್ತಲಿನ ನೆಲವನ್ನು ನಿವೇಶನಗಳಾಗಿ ಮಾರಿದವು. ಹೆಸರಿಡುವ ಕೆಲಸವೂ ಕಚೇರಿಯ ಮೇಜಿನ ಮೇಲೆಯೇ ಮುಗಿಯುತ್ತಿತ್ತು. ನೆಬ್ರಾಸ್ಕದಲ್ಲಿ ಬರ್ಲಿಂಗ್ಟನ್ ಮಾರ್ಗದ ಊರುಗಳು ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್ ಎಂದು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿಯೇ ಪಶ್ಚಿಮಕ್ಕೆ ಸಾಗುತ್ತವೆ. ಹಳಿಗೆ ಲಂಬವಾಗಿ ಹೊರಟ ಅಗಲವಾದ ಅಂಗಡಿಬೀದಿಯೇ ‘ಮೇನ್ ಸ್ಟ್ರೀಟ್’. ಅದರ ಒಂದು ತುದಿಯಲ್ಲಿ ನಿಲ್ದಾಣವೂ ದವಸದ ಎತ್ತರದ ಕಣಜವೂ ಇದ್ದರೆ, ಇನ್ನೊಂದು ತುದಿಯಲ್ಲಿ ಶಾಲೆಯೋ ಚರ್ಚೋ ಬರಿಯ ಹೊಲವೋ ಇರುತ್ತಿತ್ತು. ಬೀದಿಯ ಇಟ್ಟಿಗೆಯ ಕಟ್ಟಡಗಳ ನೆತ್ತಿಯ ಮೇಲೆ ಕಾಣುವ ಬಳ್ಳಿ, ಹೂವು, ಕಂಬಗಳ ಅಲಂಕಾರವೂ ಬಹುಪಾಲು ರೈಲಿನಲ್ಲಿಯೇ ಬಂದಿಳಿದ ಸರಕು. ಸೇಂಟ್ ಲೂಯಿಸ್‌ನಲ್ಲಿಯೂ ಇಂಡಿಯಾನದ ಎವನ್ಸ್‌ವಿಲ್‌ನಲ್ಲಿಯೂ ಕಾರ್ಖಾನೆ ನಡೆಸಿದ ಮೆಸ್ಕರ್ ಸಹೋದರರು ಎರಕದ ಕಬ್ಬಿಣ ಮತ್ತು ಒತ್ತಿದ ತಗಡಿನ ಮುಂಭಾಗಗಳನ್ನು ಸರಕುಪಟ್ಟಿ ಅಚ್ಚು ಹಾಕಿಸಿ ಮಾರುತ್ತಿದ್ದರು. ಬೇರೆ ಬೇರೆ ರಾಜ್ಯಗಳ ಊರುಗಳು ಒಂದೇ ತಾಯಿಯ ಮಕ್ಕಳಂತೆ ಕಾಣುವುದರ ಗುಟ್ಟು ಇಲ್ಲಿದೆ. ಒಬ್ಬೊಬ್ಬರೂ ತಮ್ಮದೊಂದೇ ಎಂದು ನೆನೆಯುವ ಬೀದಿ ಸಾವಿರಾರು ಜನರ ನೆನಪಿನಲ್ಲಿಯೂ ಹೆಚ್ಚುಕಡಿಮೆ ಅದೇ ಆಗಿರುವುದರಿಂದಲೇ, ಅದು ಇಡೀ ದೇಶದ ನೆನಪಾಗುವುದು ಸಾಧ್ಯವಾಯಿತು.

ಮಿಸ್ಸೂರಿ ರಾಜ್ಯದ ಮಾರ್ಸಲೀನ್ ಇಂಥ ಊರುಗಳಿಗೆ ಒಳ್ಳೆಯ ನಿದರ್ಶನ. ಷಿಕಾಗೊ ಮತ್ತು ಕ್ಯಾನ್ಸಾಸ್ ಸಿಟಿಗಳ ನಡುವೆ ಹಳಿ ಹಾಸಿದ ಸಾಂಟಾ ಫೆ ರೈಲ್ವೆ ಕಂಪನಿ 1888ರಲ್ಲಿ ಈ ಊರನ್ನು ‘ಡಿವಿಜನ್ ಪಾಯಿಂಟ್’ ಆಗಿ, ಅಂದರೆ ಎಂಜಿನ್ನಿನ ಸಿಬ್ಬಂದಿ ಬದಲಾಗುವ, ಎಂಜಿನ್ನಿಗೆ ನೀರು ಕಲ್ಲಿದ್ದಲು ತುಂಬಿಸುವ ತಂಗುದಾಣವಾಗಿ ಸ್ಥಾಪಿಸಿತು. 1906ರಲ್ಲಿ ಎಲಿಯಾಸ್ ಡಿಸ್ನಿ ಎಂಬಾತ ಷಿಕಾಗೊದಿಂದ ಕುಟುಂಬಸಹಿತ ಇಲ್ಲಿಗೆ ಬಂದು 45 ಎಕರೆ ಹೊಲ ಹಿಡಿದಾಗ, ಅವನ ಕಿರಿಯ ಮಗ ವಾಲ್ಟನಿಗೆ ಇನ್ನೂ ಐದು ತುಂಬಿರಲಿಲ್ಲ. ಆ ಸಂಸಾರ ಅಲ್ಲಿ ನಿಂತದ್ದು ನಾಲ್ಕೈದು ವರ್ಷ ಮಾತ್ರ. ಆದರೆ ಆ ಅಲ್ಪಕಾಲವೇ ಮುಂದೆ ಸಣ್ಣ ಊರಿನ ನೆನಪಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಜನ ಕಂಡ ರೂಪವನ್ನು ಕೊಟ್ಟಿತು.

ಆ ಬೀದಿಯಲ್ಲಿ ಬೆಳೆದವರ ನೆನಪುಗಳು ಮತ್ತೆ ಮತ್ತೆ ಬಂದು ನಿಲ್ಲುವ ಜಾಗ ಔಷಧದ ಅಂಗಡಿಯ ‘ಸೋಡಾ ಫೌಂಟನ್’. ಚಿಲುಮೆಯ ನೀರು ಹಲವು ರೋಗಗಳಿಗೆ ಮದ್ದೆಂಬ ಹಳೆಯ ನಂಬಿಕೆಯಿಂದಾಗಿ, ಇಂಗಾಲಾಮ್ಲ ಅನಿಲವನ್ನು ಒತ್ತಡದಿಂದ ಬೆರೆಸಿ ಉಕ್ಕಿಸುವ ಕೃತಕ ಸೋಡಾ ನೀರನ್ನು ಮೊದಲಿಗೆ ಮಾರಿದವರು ಔಷಧ ವ್ಯಾಪಾರಿಗಳೇ. ಕಹಿ ಮದ್ದನ್ನು ನುಂಗಿಸಲು ಇಟ್ಟುಕೊಂಡಿದ್ದ ಸಿಹಿ ಪಾಕಗಳು ಅವರ ಕೈಯಳತೆಯಲ್ಲಿಯೇ ಇದ್ದುದರಿಂದ, ಸೋಡಾಕ್ಕೆ ಪಾಕ ಸೇರಿ ತಂಪು ಪಾನೀಯ ಹುಟ್ಟಿತು. ಉತ್ತರ ಕ್ಯಾರೊಲಿನಾದ ನ್ಯೂ ಬರ್ನ್ ಎಂಬ ಸಣ್ಣ ಊರಿನ ಔಷಧ ವ್ಯಾಪಾರಿ ಕೇಲೆಬ್ ಬ್ರಾಡಮ್ 1893ರಲ್ಲಿ ತನ್ನ ಅಂಗಡಿಯಲ್ಲಿ ಕಲಸಿದ ಪಾನೀಯವೇ ಐದು ವರ್ಷಗಳ ಬಳಿಕ ಪೆಪ್ಸಿ-ಕೋಲಾ ಎಂದು ಹೆಸರಾಯಿತು. ಅಂಗಡಿಯ ಹಿಂಬದಿಯಲ್ಲಿ ವೈದ್ಯರ ಚೀಟಿಗೆ ತಕ್ಕಂತೆ ಪುಡಿ ಅರೆಯುವ ಕೆಲಸ ನಡೆಯುತ್ತಿದ್ದರೆ, ಮುಂಬದಿಯಲ್ಲಿ ಅಮೃತಶಿಲೆಯ ಉದ್ದನೆಯ ಕಟ್ಟೆ, ಅದರ ಮುಂದೆ ನೆಲಕ್ಕೆ ಬಿಗಿದ ತಿರುಗುವ ದುಂಡು ಪೀಠಗಳ ಸಾಲು, ಹಿಂದೆ ಗೋಡೆಯುದ್ದಕ್ಕೂ ಕನ್ನಡಿ, ಕಟ್ಟೆಯ ಮೇಲೆ ಹಂಸದ ಕೊರಳಿನಂತೆ ಬಾಗಿದ ನಲ್ಲಿಗಳು. ಬಿಳಿಯ ಟೋಪಿ ತೊಟ್ಟ ಹುಡುಗ ನಲ್ಲಿಯ ಹಿಡಿಯನ್ನು ಒಮ್ಮೆ ಸರಕ್ಕನೆ ಎಳೆದರೆ ಸೋಡಾ ಬುಸುಗುಟ್ಟಿ ಇಳಿಯುತ್ತಿತ್ತು. ಆ ಎಳೆತದಿಂದಲೇ ಅವನಿಗೆ ‘ಸೋಡಾ ಜರ್ಕ್’ ಎಂಬ ಹೆಸರು. ಹುಳಿ ಬೇಕೆಂದವರಿಗೆ ಅವನು ಪಾಕದ ಮೇಲೆ ಫಾಸ್ಫೇಟ್ ಎಂಬ ಆಮ್ಲದ ಕೆಲವು ಹನಿ ಬೀಳಿಸುತ್ತಿದ್ದ. ಕೈಯಲ್ಲಿ ಹೆಚ್ಚು ಕಾಸಿದ್ದವರಿಗೆ ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮಿನ ಉಂಡೆಯನ್ನು ತೇಲಿಬಿಡುತ್ತಿದ್ದ. ಐದು ಸೆಂಟಿನ ನಾಣ್ಯ, ಅಂದರೆ ‘ನಿಕ್ಕಲ್’, ಒಂದು ಕೈಯಲ್ಲಿದ್ದರೆ ಮಗುವಿಗೆ ದೊಡ್ಡವರ ನಡುವೆ ಕುಳಿತುಕೊಳ್ಳುವ ಹಕ್ಕು ಸಿಗುತ್ತಿತ್ತು. 1920ರಿಂದ 1933ರವರೆಗೆ ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿದ್ದು ಮದ್ಯದಂಗಡಿಗಳು ಕದ ಮುಚ್ಚಿದ್ದರಿಂದ, ಊರವರು ಕೂಡಿ ಮಾತಾಡುವ ಜಾಗವೆಂಬ ಮನ್ನಣೆ ಈ ಕಟ್ಟೆಗೆ ಇನ್ನಷ್ಟು ದೊರೆಯಿತು.

ಅಂಗಡಿಯ ಕಟ್ಟೆ ಹಗಲಿನ ಹರಟೆಗೆ ಎಡೆಯಾದರೆ ಸಂಜೆಯ ಹರಟೆ ತಂತಿಯ ಮೇಲೆ ನಡೆಯುತ್ತಿತ್ತು. ದೂರವಾಣಿ ಕಂಡುಹಿಡಿದ ಬೆಲ್‌ನ ಮೂಲ ಪೇಟೆಂಟ್ ಹಕ್ಕುಗಳ ಅವಧಿ 1893 ಮತ್ತು 1894ರಲ್ಲಿ ಮುಗಿದ ಮೇಲೆ, ದೊಡ್ಡ ಕಂಪನಿಗಳು ಲಾಭ ಕಾಣದೆ ಬಿಟ್ಟಿದ್ದ ಹಳ್ಳಿಗಾಡಿಗೆ ರೈತರೇ ಕೂಡಿ ತಂತಿ ಎಳೆದರು. ಕಂಬಕ್ಕೆ ದುಡ್ಡಿಲ್ಲದ ಕಡೆಗಳಲ್ಲಿ ಹೊಲದ ಮುಳ್ಳುತಂತಿಯ ಬೇಲಿಯೇ ಮಾತನ್ನು ಹೊತ್ತಿತು. ಒಂದೇ ತಂತಿಯನ್ನು ಹಲವು ಮನೆಗಳು ಹಂಚಿಕೊಳ್ಳುವ ಈ ಏರ್ಪಾಡಿಗೆ ‘ಪಾರ್ಟಿ ಲೈನ್’ ಎಂದು ಹೆಸರು. ಒಂದು ಮನೆಗೆ ಎರಡು ಉದ್ದ ಒಂದು ಗಿಡ್ಡ, ಪಕ್ಕದ ಮನೆಗೆ ಒಂದು ಉದ್ದ ಮೂರು ಗಿಡ್ಡ ಎಂಬಂತೆ ಗಂಟೆಯ ಗುರುತುಗಳು ಗೊತ್ತಾಗಿರುತ್ತಿದ್ದವು. ಗಂಟೆ ಎಲ್ಲ ಮನೆಗಳಲ್ಲಿಯೂ ಬಾರಿಸುತ್ತಿದ್ದುದರಿಂದ, ಯಾರಿಗೆ ಕರೆ ಬಂದಿದೆಯೆಂಬುದು ಸಾಲಿನಲ್ಲಿದ್ದವರಿಗೆಲ್ಲ ತಿಳಿಯುತ್ತಿತ್ತು. ಕಿವಿಗೆ ಹಿಡಿಯುವ ಕೊಳವೆಯನ್ನು ಸದ್ದಾಗದಂತೆ ಎತ್ತಿದರೆ ಮಾತೂ ಕೇಳುತ್ತಿತ್ತು, ಒಬ್ಬೊಬ್ಬರು ಎತ್ತಿದಂತೆಲ್ಲ ದನಿ ಸಣ್ಣದಾಗುತ್ತಲೂ ಹೋಗುತ್ತಿತ್ತು. ಬೆಂಕಿಯೋ ಬಿರುಗಾಳಿಯೋ ಬಂದಾಗ ಬಿಡದೆ ಬಾರಿಸುವ ಉದ್ದನೆಯ ಗಂಟೆಗೆ ಎಲ್ಲರೂ ಓಡಿಬರುತ್ತಿದ್ದರು. ಊರಿನ ಆಸರೆ ಮತ್ತು ಊರಿನ ಕಣ್ಗಾವಲು ಎರಡೂ ಒಂದೇ ತಂತಿಯ ಮೇಲೆ ಹರಿದುವೆಂಬುದನ್ನು ಗಮನಿಸಿದರೆ, ಒಬ್ಬ ಬರಹಗಾರನು ಪ್ರೀತಿಯಿಂದ ನೆನೆದ ಊರನ್ನೇ ಇನ್ನೊಬ್ಬನು ಉಸಿರುಗಟ್ಟಿಸುವ ಜಾಗವೆಂದು ಏಕೆ ಬರೆದನೆಂಬುದು ಅರ್ಥವಾಗುತ್ತದೆ.

ಶನಿವಾರದ ಸಂಜೆ ಸುತ್ತಲಿನ ರೈತಕುಟುಂಬಗಳು ಮೊಟ್ಟೆ, ಬೆಣ್ಣೆ ತಂದು ಮಾರಿ ಸಾಮಾನು ಕೊಂಡು, ಅಂಗಡಿಗಳು ರಾತ್ರಿಯವರೆಗೂ ತೆರೆದಿರುತ್ತಿದ್ದ ಬೀದಿಯಲ್ಲಿ ಅಡ್ಡಾಡುತ್ತಿದ್ದರು. ಚೌಕದ ಮಂಟಪದಲ್ಲಿ ಊರಿನ ವಾದ್ಯವೃಂದ ನುಡಿಸುತ್ತಿತ್ತು. ಐಯೋವ ರಾಜ್ಯವಂತೂ 1921ರಲ್ಲಿ, ಮತದಾರರು ಒಪ್ಪಿದರೆ ಊರಿನ ವಾದ್ಯವೃಂದಕ್ಕಾಗಿ ತೆರಿಗೆ ಎತ್ತಬಹುದೆಂದು ಕಾನೂನನ್ನೇ ಮಾಡಿತು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ದಾನದಿಂದ ದೇಶದಲ್ಲಿ ಎದ್ದ 1,689 ಗ್ರಂಥಾಲಯ ಕಟ್ಟಡಗಳಲ್ಲಿ ಬಹಳಷ್ಟು ಸಣ್ಣ ಊರುಗಳ ಪಾಲಿಗೆ ಬಂದವು. ಊರು ನಿವೇಶನ ಕೊಡಬೇಕು, ದಾನದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ನಿರ್ವಹಣೆಗೆ ತೆಗೆದಿಡಬೇಕು ಎಂಬ ಷರತ್ತು ಊರವರಿಗೆ ಪುಸ್ತಕದ ಖರ್ಚನ್ನು ತಮ್ಮದೆಂದು ಎಣಿಸುವುದನ್ನು ಕಲಿಸಿತು. ಮಕ್ಕಳ ಕೈಗೆ ಇದಕ್ಕಿಂತ ಹೆಚ್ಚಾಗಿ ಬಂದ ಪುಸ್ತಕವೆಂದರೆ ಅಂಚೆಯಲ್ಲಿ ಬರುವ ಸರಕುಪಟ್ಟಿ. ಮಿನೆಸೋಟದ ನಾರ್ತ್ ರೆಡ್‌ವುಡ್ ಎಂಬ ಪುಟ್ಟ ನಿಲ್ದಾಣದಲ್ಲಿ ಏಜೆಂಟನಾಗಿದ್ದ ರಿಚರ್ಡ್ ಸಿಯರ್ಸ್ 1886ರಲ್ಲಿ, ಸ್ಥಳೀಯ ವ್ಯಾಪಾರಿ ಬೇಡವೆಂದ ಗಡಿಯಾರಗಳ ಪೆಟ್ಟಿಗೆಯನ್ನು ಇತರ ನಿಲ್ದಾಣಗಳ ಏಜೆಂಟರಿಗೆ ಮಾರುವುದರಿಂದ ಆರಂಭಿಸಿ, ಗೊಂಬೆಯಿಂದ ಹಿಡಿದು ಇಡೀ ಮನೆಯವರೆಗೆ ಎಲ್ಲವನ್ನೂ ಅಂಚೆಯ ಮೂಲಕ ಮಾರುವ ಸಂಸ್ಥೆಯನ್ನು ಬೆಳೆಸಿದ. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೇ ಕಾಗದ ತಲುಪಿಸುವ ಅಂಚೆಯೂ 1913ರ ಜನವರಿ 1ರಂದು ಪಾರ್ಸೆಲ್ ಅಂಚೆಯೂ ಆರಂಭವಾದಾಗ ಊರಿನ ವ್ಯಾಪಾರಿಗಳು ಬಲವಾಗಿ ವಿರೋಧಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಆ ಪಟ್ಟಿಯ ಚಿತ್ರಗಳನ್ನು ದೀಪದ ಬೆಳಕಿನಲ್ಲಿ ನೋಡುತ್ತ ಕುಳಿತ ಮಗು, ಊರಿನಲ್ಲಿ ಸಿಗದ ವಸ್ತುಗಳು ಬೇರೆಲ್ಲಿಯೋ ಇವೆ ಎಂಬುದನ್ನು ಮೊದಲು ಅರಿತದ್ದು ಹಾಗೆ.

ಈ ನೆನಪುಗಳು ಎಷ್ಟೇ ನಿಜವಾಗಿದ್ದರೂ ಎಲ್ಲರವೂ ಆಗಿರಲಿಲ್ಲ ಎಂಬುದನ್ನು ಇತಿಹಾಸಕಾರನು ಅಷ್ಟೇ ಒತ್ತಿ ಹೇಳಬೇಕಾಗುತ್ತದೆ. ಸಣ್ಣ ಊರಿನ ಬಾಲ್ಯಕ್ಕೆ ಮೊದಲ ಮಾದರಿಯೆನಿಸಿದ ಹ್ಯಾನಿಬಲ್ ಮಿಸ್ಸೂರಿ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡದ ಊರು; ಮಾರ್ಕ್ ಟ್ವೇನ್ ಎಂದು ಹೆಸರಾದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ 1839ರಲ್ಲಿ ನಾಲ್ಕರ ಮಗುವಾಗಿ ಅಲ್ಲಿಗೆ ಬಂದು, 1853ರಲ್ಲಿ ಊರು ಬಿಟ್ಟು, 1876ರಲ್ಲಿ ಟಾಮ್ ಸಾಯರನ ಕಥೆಯನ್ನು ಪ್ರಕಟಿಸಿದ. ಅವನ ಬಾಲ್ಯದ ಆ ಮಿಸ್ಸೂರಿ ಗುಲಾಮಗಿರಿಯನ್ನು ಒಪ್ಪಿದ ರಾಜ್ಯ. ಟ್ವೇನ್ ಅದನ್ನು ಮರೆಯಲಿಲ್ಲ, ಹಕ್‌ಲ್‌ಬರಿ ಫಿನ್ನನ ಕಥೆಯಲ್ಲಿ ಆ ಋಣವನ್ನು ತೀರಿಸಲು ಯತ್ನಿಸಿದ. ಗುಲಾಮಗಿರಿ ಅಳಿದ ಮೇಲೂ ಎಷ್ಟೋ ಊರುಗಳು ‘ಸನ್‌ಡೌನ್ ಟೌನ್’ಗಳಾಗಿದ್ದವು, ಹೊತ್ತು ಮುಳುಗುವುದರೊಳಗೆ ಕಪ್ಪು ಜನರು ಊರಾಚೆ ಇರಬೇಕೆಂದು ಗಡಿಯಲ್ಲಿ ಹಲಗೆ ಹಾಕಿದ ಊರುಗಳೂ ಅವುಗಳಲ್ಲಿದ್ದವು. ಸೋಡಾದ ಆ ಅಮೃತಶಿಲೆಯ ಕಟ್ಟೆಯೂ ಬಹಳ ಕಡೆ ಬಿಳಿಯರಿಗೇ ಮೀಸಲು. 1958ರ ಆಗಸ್ಟ್ 19ರಂದು ಒಕ್ಲಹೋಮ ಸಿಟಿಯಲ್ಲಿ ಕ್ಲಾರಾ ಲೂಪರ್ ಎಂಬ ಶಿಕ್ಷಕಿಯ ಜೊತೆ ಹೋದ 13 ಮಕ್ಕಳು ಔಷಧದ ಅಂಗಡಿಯೊಂದರ ಪೀಠಗಳ ಮೇಲೆ ಕುಳಿತು ಕೋಕಾ-ಕೋಲಾ ಕೇಳಿದರು. ಕೊಡದಿದ್ದಾಗ ಏಳದೆ ಕುಳಿತರು. ಬೇರೆ ಮಕ್ಕಳಿಗೆ ಒಂದು ನಿಕ್ಕಲಿಗೆ ದಕ್ಕಿದ ಜಾಗವನ್ನು ಈ ಮಕ್ಕಳು ಸತ್ಯಾಗ್ರಹದಿಂದ ಪಡೆಯಬೇಕಾಯಿತು. ಅದು ದೊಡ್ಡ ನಗರವೇ ಹೊರತು ಸಣ್ಣ ಊರಲ್ಲ. ಆದರೂ ಸೋಡಾ ಕಟ್ಟೆಯ ಚರಿತ್ರೆಯನ್ನು ಈ ಮಕ್ಕಳನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ.

ಕಪ್ಪು ಜನರಿಗೂ ತಮ್ಮದೇ ಆದ ಸಣ್ಣ ಊರುಗಳಿದ್ದವು, ಅವುಗಳ ಹಂಬಲವೂ ಇದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಕೆಂಟಕಿ ರಾಜ್ಯದಿಂದ ಹೊರಟ ಕುಟುಂಬಗಳು 1877ರಲ್ಲಿ ಕ್ಯಾನ್ಸಾಸ್‌ನ ಬಯಲಿನಲ್ಲಿ ನಿಕೊಡೀಮಸ್ ಎಂಬ ಊರನ್ನು ಕಟ್ಟಿದವು. ಮರವೇ ಇಲ್ಲದ ಆ ಸೀಮೆಯಲ್ಲಿ ನೆಲವನ್ನು ತೋಡಿ ಮಾಡಿದ ಗುಹೆಮನೆಗಳಲ್ಲಿ ಮೊದಲ ಚಳಿಗಾಲ ಕಳೆಯಿತು. ಬೇಟೆಯಿಂದ ಮರಳುತ್ತಿದ್ದ ಓಸೇಜ್ ಮೂಲನಿವಾಸಿಗಳು ಕೊಟ್ಟ ಮಾಂಸ ಆ ಕುಟುಂಬಗಳನ್ನು ಕಾಪಾಡಿತು. ಹತ್ತು ವರ್ಷಗಳಲ್ಲಿ ಅಂಗಡಿಗಳು, ಚರ್ಚುಗಳು, ಶಾಲೆ, ಹೋಟೆಲು, ಎರಡು ಪತ್ರಿಕೆಗಳು ಹುಟ್ಟಿಕೊಂಡವು. ರೈಲು ತಮ್ಮೂರಿಗೆ ಬರಲೆಂದು ಊರವರು 16,000 ಡಾಲರಿನ ಸಾಲಪತ್ರಗಳಿಗೆ ಮತ ಹಾಕಿದರು. ರೈಲು ಬರಲಿಲ್ಲ. 1888ರಲ್ಲಿ ಹಳಿ ಸಾಲಮನ್ ನದಿಯ ಆಚೆಯ ದಂಡೆಯಲ್ಲಿ ಹಾದುಹೋಯಿತು; ಅಂಗಡಿಗಳು ನದಿ ದಾಟಿ ಹಳಿಯ ಬಳಿಯ ಬೋಗ್ ಎಂಬ ಹೊಸ ಊರಿಗೆ ಹೊರಟುಹೋದವು. ಮಾರ್ಸಲೀನನ್ನು ರೈಲು ಬಯಲಿನಿಂದ ಎಬ್ಬಿಸಿ ನಿಲ್ಲಿಸಿದ ವರ್ಷವೇ ನಿಕೊಡೀಮಸ್‌ನ ಬೀದಿ ಬರಿದಾಗತೊಡಗಿತು.

ಉಳಿದ ಊರುಗಳ ಸರದಿ ನಿಧಾನವಾಗಿ ಬಂತು. ಮೋಟಾರು ಗಾಡಿ ಕೈಗೆಟುಕಿದ ರೈತನು ಹತ್ತು ಮೈಲಿಯ ಊರನ್ನು ದಾಟಿ ನಲವತ್ತು ಮೈಲಿಯ ಪೇಟೆಗೆ ಹೋದನು. 1956ರ ಹೆದ್ದಾರಿ ಕಾಯಿದೆಯ ರಸ್ತೆಗಳು ಊರುಗಳನ್ನು ಪಕ್ಕಕ್ಕೆ ಬಿಟ್ಟು ಸಾಗಿದವು. 1939-40ರಲ್ಲಿ ಸುಮಾರು 1,17,000 ಇದ್ದ ಶಾಲಾ ಜಿಲ್ಲೆಗಳು, ಅಂದರೆ ಸ್ವತಂತ್ರ ಆಡಳಿತವಿದ್ದ ಶಾಲಾ ಘಟಕಗಳು, ವಿಲೀನಗೊಳ್ಳುತ್ತ 1970ರ ಹೊತ್ತಿಗೆ ಸುಮಾರು 18,000ಕ್ಕೆ ಇಳಿದವು. ಶಾಲೆಯೊಡನೆ ಊರಿನ ಆಟದ ತಂಡವೂ, ತಂಡದೊಡನೆ ಶುಕ್ರವಾರದ ರಾತ್ರಿಯ ಪಂದ್ಯದ ಗದ್ದಲವೂ ಹೋಯಿತು. 1967ರಲ್ಲಿ ಅಂಚೆ ಇಲಾಖೆ ರೈಲಿನ ಅಂಚೆಡಬ್ಬಿಗಳನ್ನು ಬಹುಪಾಲು ಕೈಬಿಟ್ಟಾಗ, ಆ ಆದಾಯದಿಂದಲೇ ಉಸಿರಾಡುತ್ತಿದ್ದ ಪ್ರಯಾಣಿಕರ ರೈಲುಗಳು ಒಂದೊಂದಾಗಿ ನಿಂತವು. ಅರ್ಕನ್ಸಾಸ್‌ನ ಸಣ್ಣ ಊರುಗಳ ಬೀದಿಯಲ್ಲಿಯೇ ಅಂಗಡಿ ನಡೆಸಿ ವ್ಯಾಪಾರ ಕಲಿತ ಸ್ಯಾಮ್ ವಾಲ್ಟನ್ 1962ರಲ್ಲಿ ರೋಜರ್ಸ್ ಎಂಬಲ್ಲಿ ತೆರೆದ ವಾಲ್‌ಮಾರ್ಟ್ ಮಾದರಿ, ಮುಂದಿನ ದಶಕಗಳಲ್ಲಿ ವ್ಯಾಪಾರವನ್ನು ಬೀದಿಯಿಂದ ಊರಂಚಿನ ಹೆದ್ದಾರಿಗೆ ಎಳೆದೊಯ್ದಿತು.

ಊರು ಖಾಲಿಯಾಗುತ್ತಿದ್ದ ಈ ವರ್ಷಗಳಲ್ಲಿಯೇ ಅದರ ನೆನಪು ಇಟ್ಟಿಗೆ ಗಾರೆಯಲ್ಲಿ ಮೂಡಿತು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡಿನ ಬಾಗಿಲು ದಾಟಿದವರು ಮೊದಲು ಕಾಲಿಡುವ ‘ಮೇನ್ ಸ್ಟ್ರೀಟ್ ಯುಎಸ್‌ಎ’ಗೆ ವಾಲ್ಟ್ ಡಿಸ್ನಿಯ ಮಾರ್ಸಲೀನ್ ಒಂದು ಮೂಲವಾದರೆ, ವಿನ್ಯಾಸಕಾರ ಹಾರ್ಪರ್ ಗಾಫ್ ಬೆಳೆದ ಕೊಲರಾಡೊದ ಫೋರ್ಟ್ ಕಾಲಿನ್ಸ್ ಇನ್ನೊಂದು. ಅಲ್ಲಿನ ಕಟ್ಟಡಗಳ ಮೇಲಂತಸ್ತುಗಳನ್ನು ಕೆಳಗಿನದಕ್ಕಿಂತ ಗಿಡ್ಡವಾಗಿ ಕಟ್ಟಿ, ಎತ್ತರವಿರುವಂತೆ ತೋರಿಸುವ ಕಣ್ಕಟ್ಟನ್ನು ಬಳಸಲಾಗಿದೆ. ಬೀದಿಯ ತಲೆಯಲ್ಲಿ ರೈಲು ನಿಲ್ದಾಣವಿದೆ, ಮಂಟಪದ ವಾದ್ಯಕ್ಕೆ ಬದಲಾಗಿ ನಡೆಯುತ್ತ ನುಡಿಸುವ ವಾದ್ಯವೃಂದವಿದೆ, ಒಂದು ಎಂಜಿನ್ನಿಗೆ ಸಾಂಟಾ ಫೆ ಕಂಪನಿಯ ಅಧ್ಯಕ್ಷನಾಗಿದ್ದ ರಿಪ್ಲಿಯ ಹೆಸರೂ ಇದೆ. ನಿವೇಶನ ಮಾರುವವರಿಲ್ಲ, ಸಾಲದ ಪುಸ್ತಕವಿಲ್ಲ, ಗಡಿಯ ಹಲಗೆಯಿಲ್ಲ. ಮುಂದೆ ಮಾರ್ಸಲೀನ್ ತನ್ನ ಮುಖ್ಯ ಬೀದಿಯಾದ ಕ್ಯಾನ್ಸಾಸ್ ಅವೆನ್ಯೂಗೆ ‘ಮೇನ್ ಸ್ಟ್ರೀಟ್ ಯುಎಸ್‌ಎ’ ಎಂಬ ಹೆಸರನ್ನೇ ಇಟ್ಟುಕೊಂಡಿತು. ಮೂಲವು ಪ್ರತಿಯಿಂದ ಹೆಸರನ್ನು ಪಡೆಯಿತು. ಅದರ ಹಳೆಯ ನಿಲ್ದಾಣ 2001ರಿಂದ ಡಿಸ್ನಿ ಸಂಗ್ರಹಾಲಯವಾಗಿದೆ. ಷಿಕಾಗೊದಿಂದ ಬರುವ ಪ್ರಯಾಣಿಕರ ರೈಲು ಈಗಲೂ ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ನಿಜವಾದ ಬೀದಿಗಳನ್ನು ಉಳಿಸುವ ಗಂಭೀರ ಪ್ರಯತ್ನ 1977ರಲ್ಲಿ ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನದ ಮ್ಯಾಡಿಸನ್, ದಕ್ಷಿಣ ಡಕೋಟದ ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಊರುಗಳಲ್ಲಿ ಮೊದಲಾಗಿ, ಅಂಗಡಿಗಳ ಮುಖಕ್ಕೆ ಆಮೇಲೆ ಹೊದಿಸಿದ್ದ ತಗಡನ್ನು ಕಳಚಿದ ಕಡೆಗಳಲ್ಲೆಲ್ಲ ಹಳೆಯ ಇಟ್ಟಿಗೆಯ ಮುಖ ಮತ್ತೆ ಕಂಡಿತು.

ನಿಕೊಡೀಮಸ್‌ನಲ್ಲಿ ಉಳಿಸಲು ಅಂಗಡಿಬೀದಿಯೇ ಇರಲಿಲ್ಲ. ಅಂಚೆಕಚೇರಿ 1953ರಲ್ಲಿ ಮುಚ್ಚಿತು, ಶಾಲೆ 1960ರಲ್ಲಿ ನಿಂತಿತು, ಸುಣ್ಣದಕಲ್ಲಿನ ಊರ ಚಾವಡಿಯನ್ನೂ ಸೇರಿಸಿ ಐದು ಕಟ್ಟಡಗಳು 1996ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳವಾದವು. ಅಲ್ಲಿ ಈಗ ನೆಲೆಸಿರುವವರು ಬೆರಳೆಣಿಕೆಯಷ್ಟು. ಆದರೆ ಬಿಡುಗಡೆಯ ಹಬ್ಬವಾಗಿ ಆರಂಭವಾಗಿ ಈಗ ‘ಹೋಮ್‌ಕಮಿಂಗ್’, ಅಂದರೆ ಊರಿಗೆ ಮರಳುವ ಹಬ್ಬ, ಎಂದು ಕರೆಯಲಾಗುವ ಜುಲೈ ಕೊನೆಯ ವಾರಾಂತ್ಯದಲ್ಲಿ, ಬೇರೆ ಬೇರೆ ರಾಜ್ಯಗಳ ನಗರಗಳಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಮರಿಮಕ್ಕಳು ಕಾರುಗಳಲ್ಲಿ ಬಂದು ಸೇರುತ್ತಾರೆ. ಚಾವಡಿಯ ಮುಂದಿನ ದಾರಿಯಲ್ಲಿ ಮೆರವಣಿಗೆ ಹೊರಡುತ್ತದೆ, ಹಿಂದೊಮ್ಮೆ ಅಂಗಡಿಗಳಿದ್ದ ಹುಲ್ಲಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಹಿರಿಯರು ಕುಳಿತಿರುತ್ತಾರೆ.